ಜೇಡ ನೂಲುತ್ತದೆಯೋ, ಎಳೆ ಬಿಡುತ್ತದೆಯೋ?

ನಮಸ್ಕಾರ. ಸೋಮವಾರಪೇಟೆ ಕಡೆಯ ಮಕ್ಕಳಿಗಾಗಿ ಕಾಫಿ ತೋಟದ ಹುಳುಹುಪ್ಪಟೆಗಳ ಬಗ್ಗೆ ಕಿರುಹೊತ್ತಿಗೆಯೊಂದನ್ನು ಬರೆಯುತ್ತಿದ್ದೇನೆ. ಜೇಡ ದಾರ ಬಿಡುವ ಅಂಗಕ್ಕೆ ಇಂಗ್ಲಿಷಿನಲ್ಲಿ ‘ಸ್ಪಿನ್ನರೆಟ್’ ಅನ್ನುತ್ತಾರೆ, ಅದಕ್ಕೆ ಕನ್ನಡ ಬೇಕು. ‘ನೂಲುವ ಅಂಗ’ ನನಗೆ ಒಪ್ಪಿಗೆಯಿಲ್ಲ.

ನೂಲುವುದೆಂದರೆ ಹತ್ತಿಯ ಗಿಡ್ಡ ನಾರುಗಳನ್ನು ಹೊಸೆದು ಉದ್ದ ಮಾಡುವುದು. ಜೇಡನ ಹತ್ತಿರ ನಾರೆಲ್ಲಿದೆ? ಹೊಟ್ಟೆಯ ಗ್ರಂಥಿಗಳಲ್ಲಿರುವುದು ಮಂದವಾದ ಪ್ರೋಟೀನ್ ದ್ರವ. ಸಪೂರ ನಾಳದಲ್ಲಿ ಸಾಗುತ್ತ ಅದರ ಆಮ್ಲತೆ ಹೆಚ್ಚುತ್ತದೆ, ನೀರು ಹಿಂಗುತ್ತದೆ, ಎಳೆತ ಬಿದ್ದೊಡನೆ ಪ್ರೋಟೀನಿನ ಸರಪಳಿಗಳು ಸಾಲುಗಟ್ಟಿ ದಾರವಾಗುತ್ತವೆ. ಒಳಗಿಂದ ಒತ್ತುವುದಕ್ಕಿಂತ ಹೊರಗಿಂದ ಎಳೆಯುವುದೇ ಇಲ್ಲಿ ಮುಖ್ಯ. ಜೇಡ ಹಿಂಗಾಲಿನಿಂದ ಎಳೆಯುತ್ತದೆ. ದಾರ ಅಂಟಿಸಿ ಕೆಳಗಿಳಿದರೆ ಮೈಭಾರವೇ ಎಳೆಯುತ್ತದೆ. ಹಣ್ಣಾದ (ಗೂಡು ಕಟ್ಟಲು ಸಿದ್ಧವಾದ) ರೇಷ್ಮೆಹುಳು ಚಂದ್ರಿಕೆಯಲ್ಲಿ, ಅಂದರೆ ಗೂಡು ಕಟ್ಟಲು ಬಿಡುವ ತಟ್ಟೆಯಲ್ಲಿ, ತಲೆಯನ್ನು 8ರ ಆಕಾರದಲ್ಲಿ ಆಡಿಸುವುದೂ ಎಳೆಯಲಿಕ್ಕೇ. ಅದಕ್ಕೆ ದಾರ ಬರುವುದು ಕೆಳದುಟಿಯಿಂದ. ರೇಷ್ಮೆಯವರ ಮಾತು ಗಮನಿಸಿ: ಹುಳು ಗೂಡು ‘ಕಟ್ಟುತ್ತದೆ’, ರೀಲರು ನೂಲು ‘ಬಿಚ್ಚುತ್ತಾರೆ’. ನೂಲುವವರು ಯಾರೂ ಇಲ್ಲ!

ನಮ್ಮ ತೋಟದ ಚಗಳಿ ಇರುವೆಯದು ಇನ್ನೂ ತಮಾಷೆ. ಎಲೆ ಹೊಲಿದು ಗೂಡು ಮಾಡುವ ಬೆಳೆದ ಇರುವೆಗೆ ರೇಷ್ಮೆಯೇ ಬರುವುದಿಲ್ಲ. ಮರಿಹುಳುವನ್ನು ಬಾಯಲ್ಲಿ ಹಿಡಿದು ಈ ಎಲೆಯ ಅಂಚಿಗೊಮ್ಮೆ ಆ ಎಲೆಯ ಅಂಚಿಗೊಮ್ಮೆ ಮುಟ್ಟಿಸುತ್ತದೆ, ಎಳೆ ಬಿಡುವುದು ಮರಿ. (ಮೆಣಸು ಕೊಯ್ಯಲು ಏಣಿ ಹತ್ತಿದವರಿಗೆ ಇದನ್ನೆಲ್ಲ ನೋಡುವ ಪುರುಸೊತ್ತು ಇರುವುದಿಲ್ಲ, ಬಿಡಿ.)

ತೊಡಕಿರುವುದು ಕಾರ್ಖಾನೆಯಲ್ಲಿ. ರೇಯಾನ್ ದಾರ ಮಾಡುವಾಗ ಮರದ ತಿರುಳಿನ ದ್ರಾವಣವನ್ನು ತೂತುಬಿಲ್ಲೆಯಿಂದ ಆಮ್ಲದ ತೊಟ್ಟಿಗೆ ಬಿಡುತ್ತಾರೆ. ರಸಾಯನಶಾಸ್ತ್ರಜ್ಞ ವ್ಯಾಲೇಸ್ ಕರೋಥರ್ಸ್ ತಂಡ 1935ರಲ್ಲಿ ತಯಾರಿಸಿದ ನೈಲಾನಾದರೆ ಕರಗಿಸಿ, ತೂತಿನಿಂದ ಇಳಿಸಿ, ಗಾಳಿಯಲ್ಲಿ ತಣಿಸಿ, ಮತ್ತೆ ಹಲವು ಪಟ್ಟು ಉದ್ದಕ್ಕೆ ಎಳೆಯಬೇಕು, ಇಲ್ಲದಿದ್ದರೆ ಗಟ್ಟಿಯಾಗದು. ಆ ಬಿಲ್ಲೆಯ ಹೆಸರೂ ಸ್ಪಿನ್ನರೆಟ್ಟೇ.

ಜೇಡನದಕ್ಕೆ ‘ಎಳೆದೊಟ್ಟು’ (ಎಳೆ ಬಿಡುವ ತೊಟ್ಟು), ಕಾರ್ಖಾನೆಯದಕ್ಕೆ ‘ಎಳೆಯಚ್ಚು’ ಎಂದರೆ ಹೇಗೆ? ಮನೆಯವರು ಒಪ್ಪುತ್ತಿಲ್ಲ. ಕೊಡಗಿನಲ್ಲಿ ಅಕ್ಕಿಹಿಟ್ಟನ್ನು ಶ್ಯಾವಿಗೆ ಒರಳಿನಲ್ಲಿ ಒತ್ತಿ ತೆಗೆದದ್ದಕ್ಕೇ ‘ನೂಪುಟ್ಟು’ (ನೂಲಿನ ಪುಟ್ಟು) ಅನ್ನುತ್ತೇವಲ್ಲ, ಅಲ್ಲಿ ಯಾರು ಹೊಸೆದರು ಎಂದು ಅವರ ವಾದ. ನೂಲು ಎಂಬ ಹೆಸರಿಗೆ ಹೊಸೆತ ಬೇಕಿಲ್ಲದಿರಬಹುದು, ‘ನೂಲು’ ಎಂಬ ಕ್ರಿಯೆಗೆ ಬೇಕೇಬೇಕು ಎಂಬುದು ನನ್ನ ಪಟ್ಟು.

ಬಲ್ಲವರು ಎರಡು ಮಾತು ತಿಳಿಸಿ: ದಾರದ ‘ಎಳೆ’, ಜಗ್ಗುವ ‘ಎಳೆ’ ಒಂದೇ ಮೂಲದವೇ? ಶ್ಯಾವಿಗೆ, ಚಕ್ಕುಲಿ ಒರಳಿನ ತೂತುಬಿಲ್ಲೆಗೆ ನಿಮ್ಮ ಕಡೆ ‘ಅಚ್ಚು’ ಬಿಟ್ಟು ಬೇರೆ ಹೆಸರಿದೆಯೇ?