‘ಹ್ಯಾಂಗ್’, ‘ಸ್ಟ್ರಕ್’, ‘ಹೆಪ್ಪುಗಟ್ಟು’: ನಿಂತುಹೋದ ಕಂಪ್ಯೂಟರಿಗೆ ಯಾವ ಪದ?

ಪ್ರಶ್ನೆ: ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿದ ಡೆಸ್ಕ್‌ಟಾಪ್‌ಗಳ ರಿಪೇರಿ ಕೈಪಿಡಿಯೊಂದರ ಕರಡಿನಲ್ಲಿ ‘ಫ್ರೀಝ್’ ಇದ್ದಲ್ಲೆಲ್ಲ ‘ಹೆಪ್ಪುಗಟ್ಟುವುದು’ ಎಂದಿದೆ. ಓದಿದರೆ ಮೊಸರಿನ ನೆನಪಾಗುತ್ತದೆ. ‘ಸ್ಥಗಿತ’ಕ್ಕೆ ಯಾರೋ ಬೇಕೆಂದೇ ನಿಲ್ಲಿಸಿದ ಧ್ವನಿ. ಎಲ್ಲರ ಬಾಯಲ್ಲೂ ಇರುವ ‘ಹ್ಯಾಂಗ್ ಆಗ್ತಿದೆ’ ಸಾಲದೇ?

ಉತ್ತರ: ಇಟ್ಟುಕೊಳ್ಳಿ, ಆದರೆ ಒಂದೇ ಲಕ್ಷಣಕ್ಕೆ. ಆ ಒಂದು ಮಾತಿನಡಿ ಮೂರು ಕಾಯಿಲೆ ಅಡಗಿವೆ. ಹೆಸರು ತಪ್ಪಿದರೆ ಓದಿದವರು ಬೇರೆ ಯಾವುದೋ ಭಾಗ ಬಿಚ್ಚುತ್ತಾರೆ.

ನಿಂತಾಗ ಕ್ಯಾಪ್ಸ್ ಲಾಕ್ ಒತ್ತಿ ನೋಡಲಿ. ಕೀಬೋರ್ಡಿನ ದೀಪ ಹೊತ್ತಿ ಆರಿದರೆ ಒಳಗೆ ಜೀವವಿದೆ. ಸಿಕ್ಕಿಕೊಂಡಿರುವುದು ಯಾವುದೋ ಪ್ರೋಗ್ರಾಂ ಅಥವಾ ಗ್ರಾಫಿಕ್ಸ್ ಡ್ರೈವರ್ (ಪರದೆಯ ಚಿತ್ರ ನೋಡಿಕೊಳ್ಳುವ ತಂತ್ರಾಂಶ). ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ ನಾಲ್ಕನ್ನೂ ಒಟ್ಟಿಗೆ ಒತ್ತಿದರೆ ಡ್ರೈವರ್ ಹೊಸದಾಗಿ ಶುರುವಾಗಿ ಪರದೆ ಮರಳಬಹುದು. ‘ಹ್ಯಾಂಗ್’ ಇದಕ್ಕಿರಲಿ.

ದೀಪ ಬದಲಾಗದೆ, ಮೌಸ್ ಬಾಣ ಕದಲದೆ, ಹಾಡಿನ ಒಂದೇ ಚೂರು ಗರ್ರೆಂದು ಸುತ್ತುತ್ತಿದ್ದರೆ ಇಡೀ ಯಂತ್ರವೇ ನಿಂತಿದೆ. ಇದಕ್ಕೆ ನನ್ನ ಆಯ್ಕೆ ‘ಗರಬಡಿದಿದೆ’. ಗರ ಎಂದರೆ ಗ್ರಹ. ಕಣ್ಣು ತೆರೆದೇ ಇದ್ದು ಅಲುಗಾಡದವರಿಗೆ ಹೇಳುವ ಮಾತು. ಪರದೆಯ ಚಿತ್ರವೂ ಹಾಗೇ ಉಳಿದಿರುತ್ತದಲ್ಲ. (‘ಸ್ಟಕ್’ ಅನ್ನಲು ಹೋಗಿ ನಾವು ಅನ್ನುವ ‘ಸ್ಟ್ರಕ್’ ಕೂಡ ‘ಬಡಿದ’ ಎಂಬಲ್ಲಿಗೇ ಬಂದು ಸೇರುತ್ತದೆ!) ಇಲ್ಲಿ ಮೊದಲ ಅನುಮಾನ ರ‍್ಯಾಮ್ ಮೇಲೆ. ಬಯಾಸ್‌ನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗ್ ಪುಟ) ರ‍್ಯಾಮ್ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಫ್ ಮಾಡಬೇಕು. ಎರಡು ರ‍್ಯಾಮ್ ಕಡ್ಡಿಗಳಿದ್ದು ನಾಲ್ಕು ಸ್ಲಾಟ್ ಇದ್ದರೆ, ಸಾಮಾನ್ಯವಾಗಿ ಸಿಪಿಯು ಕಡೆಯಿಂದ 2 ಮತ್ತು 4ನೆಯದರಲ್ಲಿ ಕೂರಿಸಬೇಕು. ಆಮೇಲೆ ರ‍್ಯಾಮ್ ಪರೀಕ್ಷಿಸುವ ಪ್ರೋಗ್ರಾಂ ಮೆಮ್‌ಟೆಸ್ಟ್86 ನಾಲ್ಕು ಸುತ್ತು ಓಡಿಸಬೇಕು. ಒಂದೇ ಒಂದು ದೋಷ ತೋರಿದರೂ ಕಡ್ಡಿಗಳನ್ನು ಒಂದೊಂದಾಗಿ ಹಾಕಿ ಪರೀಕ್ಷಿಸಬೇಕು. ಹಳೆಯ ರೈಜನ್ (ಎಎಂಡಿ ಕಂಪನಿಯ ಸಿಪಿಯು) ಯಂತ್ರ ಕೆಲಸವಿಲ್ಲದೆ ಸುಮ್ಮನಿದ್ದಾಗಲೇ ಗರಬಡಿಯುತ್ತಿದ್ದರೆ ಬಯಾಸ್‌ನ ‘ಪವರ್ ಸಪ್ಲೈ ಐಡಲ್ ಕಂಟ್ರೋಲ್’ ಅನ್ನು ‘ಟಿಪಿಕಲ್ ಕರೆಂಟ್ ಐಡಲ್’ಗೆ ಬದಲಿಸಿ ನೋಡಬೇಕು.

ಮೂರನೆಯದು ಅರ್ಧ ನಿಮಿಷ ನಿಂತು ತಾನಾಗಿಯೇ ಮುಂದೆ ಓಡುವುದು. ‘ತಡವರಿಸುತ್ತಿದೆ’ ಅನ್ನಿ. ಡಿಸ್ಕ್ ಉತ್ತರ ಕೊಡಲಿಲ್ಲವೆಂದು ವಿಂಡೋಸ್ ಕಾದು ರೀಸೆಟ್ ಕಳಿಸಿರುತ್ತದೆ. ವಿಂಡೋಸ್ ತನ್ನ ಘಟನೆಗಳನ್ನು ದಾಖಲಿಸಿ ತೋರಿಸುವ ಈವೆಂಟ್ ವ್ಯೂವರ್‌ನಲ್ಲಿ 129 ಎಂಬ ಸಂಖ್ಯೆಯ ದಾಖಲೆ ಕಾಣುತ್ತದೆ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ಇಡುವ ‘ಸ್ಮಾರ್ಟ್’ ಪಟ್ಟಿಯಲ್ಲಿ 199 ಸಂಖ್ಯೆಯ ಸಾಲಿನ ಸಿಆರ್‌ಸಿ ಎಣಿಕೆ (ಮಾಹಿತಿ ಸಾಗಣೆಯಲ್ಲಿ ಆದ ತಪ್ಪುಗಳ ಲೆಕ್ಕ) ಏರುತ್ತಿದ್ದರೆ ಮೊದಲು ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ಸಾಟಾ ಕೇಬಲ್ ಬದಲಿಸಬೇಕು. ಆ ಎಣಿಕೆ ಇಳಿಯುವುದಿಲ್ಲ, ಕೇಬಲ್ ಬದಲಿಸಿದ ಮೇಲೆ ಏರದಿದ್ದರೆ ಸಾಕು.

ಕರಡಿನಲ್ಲಿ ಇನ್ನೊಂದು ಕಡೆ ಎಡವಟ್ಟಾಗಿರಬಹುದು, ನೋಡಿ: ಈವೆಂಟ್ ವ್ಯೂವರ್‌ನಲ್ಲೇ ಕಾಣುವ ‘ಕರ್ನಲ್-ಪವರ್ 41’ ಅನ್ನು ‘ವಿದ್ಯುತ್ ದೋಷ’ ಎಂದು ಬರೆಯಬೇಡಿ. ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಎಂದಷ್ಟೇ ಅದು ಹೇಳುವುದು. ನೀವೇ ಗುಂಡಿ ಒತ್ತಿಹಿಡಿದು ಆರಿಸಿದರೂ ಬರುತ್ತದೆ. ‘ದೋಷ’ ಎಂದು ಓದಿದವರು ನೇರ ಹೋಗಿ ಹೊಸ ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಪೂರೈಸುವ ಡಬ್ಬಿ) ಕೊಂಡು ತರುತ್ತಾರೆ.