‘ಟ್ರಾನ್ಸಿಟ್ ಕಾರಿಡಾರ್’, ‘ಮಿಶ್ರ ಬಳಕೆ’: ವಲಯ ನಿಯಮಗಳ ಕನ್ನಡ ಪದಗಳ ಬಗ್ಗೆ

ಮೆಟ್ರೊ ಮತ್ತು ಬಿಆರ್‌ಟಿಎಸ್ (ಬಸ್ಸುಗಳಿಗೇ ಮೀಸಲಾದ ಪಥದಲ್ಲಿ ಓಡುವ ತ್ವರಿತ ಸಾರಿಗೆ) ಹಾದುಹೋಗುವೆಡೆ ಮನೆ, ಅಂಗಡಿ, ಕಚೇರಿಗಳು ಒಂದೇ ಕಟ್ಟಡದಲ್ಲಿರಲು ಅವಕಾಶ ಕೊಡುವ ವಲಯ ನಿಯಮಗಳನ್ನು ಕನ್ನಡದಲ್ಲಿ ಬರೆಯುವಾಗ ‘ಟ್ರಾನ್ಸಿಟ್ ಕಾರಿಡಾರ್’ ಎಂಬುದನ್ನು ಕೆಲವರು ‘ಸಾರಿಗೆ ಮಾರ್ಗ’ ಎನ್ನುತ್ತಾರೆ, ಕೆಲವರು ‘ಸಾರಿಗೆ ಪಥ’ ಎನ್ನುತ್ತಾರೆ. ಇವೆರಡೂ ಅರ್ಥವನ್ನು ತಪ್ಪಿಸುತ್ತವೆ ಎಂಬುದು ನನ್ನ ಅಭಿಪ್ರಾಯ. ಮಾರ್ಗ, ಪಥ ಎಂದರೆ ವಾಹನ ಓಡುವ ದಾರಿ. ವಲಯ ನಿಯಮಕ್ಕೆ ಬೇಕಾದದ್ದು ಆ ದಾರಿಯ ಪಕ್ಕದ ನಿವೇಶನಗಳು. ‘ಸಾರಿಗೆ’ ಎಂದಷ್ಟೇ ಹೇಳಿದರೆ ಸರಕಿನ ಲಾರಿಯೂ ಅದರೊಳಗೆ ಬರುವುದರಿಂದ ‘ಸಮೂಹ ಸಾರಿಗೆ’ ಎಂದು ಬಿಡಿಸಿ ಹೇಳುವುದು ಮೇಲು.

ಅಹಮದಾಬಾದಿನ 2021ರ ಅಭಿವೃದ್ಧಿ ಯೋಜನೆಯು ಬಿಆರ್‌ಟಿಎಸ್ ಮತ್ತು ಮೆಟ್ರೊ ಮಾರ್ಗದ ಎರಡೂ ಬದಿಯಲ್ಲಿ 200 ಮೀಟರ್‌ವರೆಗಿನ ಜಾಗವನ್ನು ಪ್ರತ್ಯೇಕ ವಲಯವಾಗಿ ಗುರುತಿಸಿ, ಅಲ್ಲಿ ನಿವೇಶನದ ನಾಲ್ಕು ಪಟ್ಟಿನವರೆಗೆ ಕಟ್ಟಡ ವಿಸ್ತೀರ್ಣಕ್ಕೆ ಅವಕಾಶ ಕೊಟ್ಟಿತು. ಇದಕ್ಕೆ ಕನ್ನಡದಲ್ಲಿ ‘ಇಕ್ಕೆಲ’ ಎಂಬ ಪದ ಸಿದ್ಧವಾಗಿಯೇ ಇದೆ. ‘ಮೆಟ್ರೊ ಮಾರ್ಗದ ಇಕ್ಕೆಲ ವಲಯ’ ಎಂದರೆ ಯಾರಿಗೂ ವಿವರಣೆ ಬೇಕಾಗದು. ಆದರೆ ಬೆಂಗಳೂರಿಗೆ ಅದು ಪೂರ್ತಿಯಾಗಿ ಹೊಂದುವುದಿಲ್ಲ. 2007ರಲ್ಲಿ ಅನುಮೋದನೆ ಪಡೆದ ಪರಿಷ್ಕೃತ ಮಹಾಯೋಜನೆ–2015 ಅದೇ ನಾಲ್ಕರ ಎಫ್‌ಎಆರ್ ಅನ್ನು (ಕಟ್ಟಡದ ಒಟ್ಟು ವಿಸ್ತೀರ್ಣ ನಿವೇಶನದ ಎಷ್ಟು ಪಟ್ಟು ಎಂಬ ಅನುಪಾತ) ಮೆಟ್ರೊ ನಿಲ್ದಾಣದಿಂದ 150 ಮೀಟರ್ ತ್ರಿಜ್ಯದೊಳಗಿನ ನಿವೇಶನಗಳಿಗೆ ಹೇಳುತ್ತದೆ. ಅಲ್ಲಿರುವುದು ಪಟ್ಟಿಯಲ್ಲ, ವೃತ್ತ.

ಇಲ್ಲಿಯೇ ಇನ್ನೊಂದು ಪದ ನನ್ನನ್ನು ಬಹಳ ಕಾಡುತ್ತದೆ. ನಮ್ಮ ಪತ್ರಿಕೆಗಳಲ್ಲಿ ‘200 ಮೀಟರ್ ಸುತ್ತಳತೆಯಲ್ಲಿ ನಿಷೇಧಾಜ್ಞೆ’ ಎಂಬ ಮಾತು ರೂಢಿಯಾಗಿದ್ದು, ವಲಯ ನಿಯಮಗಳ ಕುರಿತ ಬರಹಕ್ಕೂ ಅದು ಸುಲಭವಾಗಿ ನುಸುಳುತ್ತದೆ. ಸುತ್ತಳತೆ ಎಂದರೆ ಪರಿಧಿಯ ಉದ್ದ. 150 ಮೀಟರ್ ಸುತ್ತಳತೆಯ ವೃತ್ತದ ತ್ರಿಜ್ಯ ಸುಮಾರು 24 ಮೀಟರ್ ಮಾತ್ರ. ಹಾಗೆ ಬರೆದರೆ ನಿಲ್ದಾಣದ ಕಟ್ಟಡವೇ ಆ ವೃತ್ತದಲ್ಲಿ ಹಿಡಿಯುವುದಿಲ್ಲ. ಮೂವತ್ತು-ನಲವತ್ತರ ನಿವೇಶನದಲ್ಲಿ 4,800 ಚದರಡಿ ಕಟ್ಟಬಹುದೇ ಇಲ್ಲವೇ ಎಂಬುದು ಈ ಒಂದು ಪದದ ಮೇಲೆ ನಿಂತಿರುವಾಗ, ‘ನಿಲ್ದಾಣದಿಂದ 150 ಮೀಟರ್ ದೂರದೊಳಗೆ’ ಎಂದು ಬಿಡಿಸಿ ಬರೆಯುವುದೇ ಜನರಿಗೆ ತೋರಬೇಕಾದ ಕನಿಷ್ಠ ಗೌರವ.

‘ಮಿಶ್ರ ಬಳಕೆ’ಯ ಬಗ್ಗೆ ನನಗೆ ತಕರಾರಿಲ್ಲ. ಹಿಂದೆ ದೊಡ್ಡಪೇಟೆ ಎನಿಸಿಕೊಂಡಿದ್ದ ಅವೆನ್ಯೂ ರಸ್ತೆಯಲ್ಲಿ ಕೆಳಗೆ ಮಳಿಗೆ, ಮೇಲೆ ಮನೆ ಎಂಬ ಕಟ್ಟಡಗಳು ವಲಯ ನಿಯಮಗಳಿಗಿಂತ ಹಳೆಯವು. ಆ ಪದ ಅವನ್ನೂ ಒಳಗೊಳ್ಳುತ್ತದೆ. ಅದರ ಬದಲು ‘ಬಹೂಪಯೋಗಿ’ ಎಂದರೆ ಒಂದೇ ಜಾಗವನ್ನು ಇಂದು ಮದುವೆಗೆ, ನಾಳೆ ಸಭೆಗೆ ಬಳಸುವ ಅರ್ಥ ಬರುತ್ತದೆ. ಹಾಗೆಯೇ, ಕೃಷಿ ಜಮೀನಿಗೆ ಸಂಬಂಧಿಸಿದ, 1964ರ ಭೂಕಂದಾಯ ಕಾಯ್ದೆಯ ‘ಭೂಪರಿವರ್ತನೆ’ಯನ್ನೂ ಮಹಾಯೋಜನೆಯಲ್ಲಿ ಗುರುತಿಸಿದ ಬಳಕೆಯನ್ನು ಬದಲಿಸುವ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ‘ಭೂ ಉಪಯೋಗ ಬದಲಾವಣೆ’ಯನ್ನೂ ಒಂದೆಂದು ಬರೆಯಬಾರದು.

ಉಳಿದ ಪ್ರಶ್ನೆ ಇದು: ಮಾರ್ಗದುದ್ದದ ಪಟ್ಟಿಯನ್ನೂ ನಿಲ್ದಾಣದ ಸುತ್ತಲಿನ ವೃತ್ತವನ್ನೂ ಒಟ್ಟಿಗೆ ಸೂಚಿಸುವ ಒಂದೇ ಪದ ನಮ್ಮಲ್ಲಿದೆಯೇ? ‘ಆಸುಪಾಸು ವಲಯ’ ಎಂಬುದು ನನಗೆ ತೋಚಿದೆಯಾದರೂ, ಗಡಿ ಎಳೆಯಬೇಕಾದ ಕಾನೂನಿನ ಭಾಷೆಗೆ ಅದು ಸಡಿಲವಾಯಿತೇನೋ. ಮೋಜಣಿ ಅಥವಾ ಕಂದಾಯ ಇಲಾಖೆಯ ಬರಹ ಬಲ್ಲವರು ಬೇರೆ ಪದವಿದ್ದರೆ ದಯವಿಟ್ಟು ತಿಳಿಸಬೇಕು.