ಅರ್ಧ ಮಾರ್ಕಿನ ಮೇಷ್ಟ್ರು

ಶನಿವಾರ ಬೆಳಗಿನ ಸ್ಕೂಲು ಮುಗಿದ ಮೇಲೆ ನಾವು ನಾಲ್ಕು ಜನ ಎದುರಿನ ಹೋಟೆಲಿನಲ್ಲಿ ಹಾಜರು. ಗಣಿತ, ಸೈನ್ಸ್ ಮೇಡಂ, ಪಿ.ಟಿ. ಮೇಷ್ಟ್ರು, ಮತ್ತೆ ನಾನು. ಇಪ್ಪತ್ತಾರು ವರ್ಷ ಪಾಠ ಮಾಡಿದ ಮೇಲೆ ನನ್ನ ಹೆಸರು ಯಾರಿಗೂ ನೆನಪಿಲ್ಲ. ನಾನು ಬರೀ 'ಕನ್ನಡ'. ಎರಡು ಬೈಟು ಕಾಫಿ, ಒಂದು ಪ್ಲೇಟು ಬೋಂಡ. ಅದು ಖಾಯಂ.

"ಏನ್ರೀ ಕನ್ನಡ, ಇಡೀ ಹತ್ತನೇ ಕ್ಲಾಸಿಗೆ ಸೊನ್ನೆ ಸುತ್ತಿದ್ರಂತೆ?" ಪಿ.ಟಿ. ಮೇಷ್ಟ್ರು ಶುರು ಮಾಡಿದರು.

"ನಾನಲ್ಲ, ಫಾರಂ" ಎಂದೆ.

ವಿಷಯ ಇಷ್ಟೇ. ಗೂಗಲ್ ಫಾರಂನಲ್ಲಿ ಟೆಸ್ಟ್ ಮಾಡಿದರೆ ಅದೇ ತಿದ್ದಿ ಮಾರ್ಕು ಹಾಕುತ್ತದೆ ಎಂದು ಮಗಳು ಹೇಳಿದ್ದಳು. ಪೇಪರ್ ತಿದ್ದಿ ತಿದ್ದಿ ಸವೆದುಹೋದವನಿಗೆ ಇನ್ನೇನು ಬೇಕು? ಹಳೇ ಪ್ರಶ್ನೆಪತ್ರಿಕೆ ತೆಗೆದು ಹಾಗೇ ಅಂಟಿಸಿ, ಕ್ಲಾಸಿನ ಗ್ರೂಪಿಗೆ ಕಳಿಸಿ ಮಲಗಿದೆ. ಬೆಳಗ್ಗೆ ಒಬ್ಬ ಹುಡುಗಿಯ ತಾಯಿಯ ಫೋನು. "ಸಾರ್, ಕನ್ನಡ ಟೆಸ್ಟ್ ಅಂದ್ರಿ. ಇದ್ಯಾವ ಭಾಷೆ?"

ತೆಗೆದು ನೋಡಿದರೆ ಬರೀ ಇಂಗ್ಲಿಷ್ ಅಕ್ಷರ. ಕೆಲವಕ್ಕೆ ತಲೆ ಮೇಲೆ ಟೋಪಿ, ಕೆಲವಕ್ಕೆ ಕೆಳಗೆ ಬಾಲ.

"ನುಡಿ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಟೈಪ್ ಮಾಡಿದ್ರಿ ಅಲ್ವಾ?" ಸೈನ್ಸ್ ಮೇಡಂಗೆ ತಕ್ಷಣ ಗೊತ್ತಾಯಿತು. "ಅದು ಎಲ್ಲ ಕಂಪ್ಯೂಟರಿಗೂ ಗೊತ್ತಿರೋ ಯೂನಿಕೋಡ್ ಅಲ್ಲ. ಆ ಫಾಂಟು ಇರೋ ಕಂಪ್ಯೂಟರಲ್ಲಿ ಮಾತ್ರ ಕನ್ನಡ. ಹೊಸ್ತಿಲು ದಾಟಿದರೆ ವೇಷ ಬಿಚ್ಚಿಬಿಡುತ್ತೆ. ಯೂನಿಕೋಡಿಗೆ ಬದಲಾಯಿಸೋ ಪರಿವರ್ತಕ ಇದೆ, ಅದರಲ್ಲಿ ಹಾಕಿ ತೆಗೀಬೇಕಿತ್ತು."

"ಅದನ್ನೂ ಮಾಡಿದೆ ಮೇಡಂ. ಆಮೇಲೇ ಇರೋದು ಕಥೆ."

ಪ್ರಶ್ನೆ ಸುಲಭದ್ದು. 1967ರಲ್ಲಿ ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದುಕೊಟ್ಟವರು ಯಾರು? ಸರಿಯುತ್ತರದ ಜಾಗದಲ್ಲಿ 'ಕುವೆಂಪು' ಎಂದು ಬರೆದೆ. ಕೆಳಗೆ ಒಂದು ಚೌಕ, ಉಳಿದ ಉತ್ತರಗಳೆಲ್ಲ ತಪ್ಪು ಎಂದು ಎಣಿಸಲೇ ಎಂಬ ಅರ್ಥದ್ದು. ಎಣಿಸು ಮಾರಾಯ ಎಂದು ಟಿಕ್ ಹಾಕಿದೆ. ಉಳಿದದ್ದೆಲ್ಲ ತಪ್ಪೇ ಅಲ್ವಾ?

ಒಬ್ಬ 'ಕು.ವೆಂ.ಪು.' ಎಂದು ಮೂರು ಚುಕ್ಕಿ ಇಟ್ಟಿದ್ದ. ತಪ್ಪು. ಒಬ್ಬಳು 'ಕೆ.ವಿ. ಪುಟ್ಟಪ್ಪ' ಎಂದಿದ್ದಳು. ತಪ್ಪು. 'ರಾಷ್ಟ್ರಕವಿ ಕುವೆಂಪು'ವೂ ತಪ್ಪು. ದೊಡ್ಡವರ ಹೆಸರನ್ನು ಬೋಳಾಗಿ ಬರೆಯಬೇಡಿ ಎಂದು ಎಂಟನೇ ಕ್ಲಾಸಿನಿಂದ ನಾನೇ ಬೈದಿದ್ದೇನೆ. ಆ ಮಾತು ಕೇಳಿದವರೆಲ್ಲ 'ಕುವೆಂಪು ಅವರು' ಎಂದು ಬರೆದು ಸೊನ್ನೆ ತೆಗೆದುಕೊಂಡಿದ್ದರು. ಮಾರ್ಕು ಸಿಕ್ಕಿದ್ದು ಒಬ್ಬನಿಗೆ. ನನ್ನ ಕ್ಲಾಸಿಗೆ ಸರಿಯಾಗಿ ಬರದವನಿಗೆ!

"ಅಂದ್ರೆ ನಿಮ್ಮ ಪಾಠ ಕೇಳದಿದ್ರೆ ಪಾಸು" ಎಂದರು ಪಿ.ಟಿ.

"ಸರಿಯುತ್ತರಗಳನ್ನ ಎಷ್ಟು ಬೇಕಾದರೂ ಸೇರಿಸಬಹುದು" ಎಂದರು ಗಣಿತ. "ಆ ಟಿಕ್ ಹಾಕದಿದ್ರೆ ಉಳಿದ ಉತ್ತರಗಳನ್ನ ನೀವೇ ನೋಡಿ ಮಾರ್ಕು ಹಾಕಬಹುದಿತ್ತು. ತಪ್ಪು ಫಾರಂದಲ್ಲ, ನಿಮ್ಮದು."

ಒಪ್ಪಿದೆ. ಆದರೆ ನನ್ನ ಸಂಕಟವೇ ಬೇರೆ. 'ಕುವೇಂಪು' ಎಂದು ದೀರ್ಘ ಎಳೆದವನಿಗೆ ನಾನಾಗಿದ್ದರೆ ಅರ್ಧ ಕೊಡುತ್ತಿದ್ದೆ. ಒತ್ತು ಬಿಟ್ಟರೆ ಅರ್ಧ, ಉತ್ತರ ತಪ್ಪಾಗಿ ಅಕ್ಷರ ದುಂಡಗಿದ್ದರೂ ಮನಸ್ಸು ತಡೆಯದೆ ಅರ್ಧ. ಊರಲ್ಲಿ ನನಗೆ 'ಅರ್ಧ ಮಾರ್ಕಿನ ಮೇಷ್ಟ್ರು' ಅಂತಲೇ ಹೆಸರು. ತಾನೇ ತಿದ್ದುವ ಫಾರಂಗೆ ಆ ಕರುಳಿಲ್ಲ. ಒಂದು, ಇಲ್ಲ ಸೊನ್ನೆ.

"ಇವರಿಗೆ ಕಾಫಿನೂ ಅರ್ಧ, ಮಾರ್ಕೂ ಅರ್ಧ" ಎಂದು ಹೋಟೆಲಿನವರು ಗಲ್ಲಾದಿಂದಲೇ ಸೇರಿಸಿದರು.

ಸೈನ್ಸ್ ಮೇಡಂ ಸಮಾಧಾನಕ್ಕೆ ತಮ್ಮ ಕಥೆ ತೆಗೆದರು. ಫೆಟ್ ಅಂತ ಪ್ರಯೋಗಗಳ ವೆಬ್‌ಸೈಟು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ್ದು, ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ದುಡ್ಡಿಲ್ಲ, ಕನ್ನಡದಲ್ಲೂ ಸಿಗುತ್ತದೆ. ಪರದೆಯ ಮೇಲೆ ಬ್ಯಾಟರಿ, ವೈರು, ಬಲ್ಬು ಜೋಡಿಸಿ ಸರ್ಕ್ಯೂಟು ಮಾಡಬಹುದು. "ಮೊದಲನೇ ಗುಂಪು ತಪ್ಪಿ ಶಾರ್ಟ್ ಮಾಡಿತು. ಪರದೆ ಮೇಲೆ ಬ್ಯಾಟರಿಗೆ ಧಗಧಗ ಬೆಂಕಿ. ಅಷ್ಟೇ ಕಣ್ರೀ. ಆಮೇಲೆ ಬಲ್ಬು ಯಾರಿಗೂ ಬೇಡ. ಪೀರಿಯಡ್ ಪೂರ್ತಿ ಬೆಂಕಿನೇ ಹಚ್ಚಿದರು."

"ಟ್ರೇನಿಂಗಲ್ಲಿ ಇದೆಲ್ಲ ಹೇಳಿಕೊಟ್ಟಿರಲಿಲ್ವಾ?" ಎಂದು ಪಿ.ಟಿ. ಕೇಳಿದರು.

ಯಾರೂ ಮಾತಾಡಲಿಲ್ಲ. ಮೇಷ್ಟ್ರುಗಳ ಟ್ರೇನಿಂಗಿಗೂ ಬಳಸುವ ಸರ್ಕಾರಿ ವೆಬ್‌ಸೈಟು ದೀಕ್ಷಾ ಬಂದಿದ್ದು 2017ರಲ್ಲಿ. ಅದರಲ್ಲಿ ನಾನೂ ಕೋರ್ಸು ಮುಗಿಸಿ ಸರ್ಟಿಫಿಕೇಟು ತೆಗೆದಿದ್ದೇನೆ. ವೀಡಿಯೊ ಓಡುತ್ತಿತ್ತು, ಪಕ್ಕದಲ್ಲಿ ಕೂತು ನಾನು ಅವರೆಕಾಯಿ ಸುಲಿಯುತ್ತಿದ್ದೆ. ಮಾರ್ಗಶಿರದಲ್ಲಿ ಅವರೆ ಬಿಟ್ಟು ವೀಡಿಯೊ ನೋಡಿ ಅಂದರೆ ಹೇಗೆ?

"ಮಕ್ಕಳ ಹತ್ರ ಫೋನೇ ಬೇಡದ ಆ್ಯಪು ಒಂದಿದೆ, ಪ್ಲಿಕರ್ಸ್" ಎಂದರು ಗಣಿತ. ಜೇಬಿನಿಂದ ಒಂದು ಕಾರ್ಡು ತೆಗೆದರು. ನೋಡಲು ಕ್ಯೂಆರ್ ಕೋಡಿನ ದಾಯಾದಿ, ಕಪ್ಪು ಚೌಕಗಳ ಚಿತ್ರ. ನಾಲ್ಕು ಬದಿಗೆ ಎ, ಬಿ, ಸಿ, ಡಿ ಎಂದು ಇರುವೆ ಗಾತ್ರದ ಅಕ್ಷರ. ಪ್ರತಿ ಮಗುವಿಗೆ ಒಂದೊಂದು ನಂಬರಿನ ಕಾರ್ಡು. ಉತ್ತರ ಬಿ ಆದರೆ ಬಿ ಬದಿ ಮೇಲೆ ಮಾಡಿ ಹಿಡಿಯಬೇಕು. ನಾವು ನಿಂತಲ್ಲಿಂದ ಫೋನಿನ ಕ್ಯಾಮೆರಾ ತೋರಿಸಿದರೆ ಯಾರ ಉತ್ತರ ಏನು, ಸರಿಯೋ ತಪ್ಪೋ, ಎಲ್ಲ ಬರುತ್ತದೆ. ಒಂದೊಂದು ಕಾರ್ಡಿನ ಚಿತ್ರ ಬೇರೆ, ಹಾಗಾಗಿ ಪಕ್ಕದವನದ್ದು ನೋಡಿ ತಿರುಗಿಸಿದರೆ ಕೆಟ್ಟಂತೆಯೇ.

"ಒಂದೇ ಮಾತು. ಲ್ಯಾಮಿನೇಷನ್ ಮಾಡಿಸಬೇಡಿ. ಹೊಳಪು ಹೊಡೆದರೆ ಕ್ಯಾಮೆರಾ ಓದಲ್ಲ."

ನಾನು ಆಗಲೇ ಲ್ಯಾಮಿನೇಷನ್ ರೇಟು ಲೆಕ್ಕ ಹಾಕುತ್ತಿದ್ದೆ.

ಮುಂದಿನ ಶನಿವಾರ ಹೋಟೆಲಿಗೆ ಹೋದಾಗ ಮೂವರೂ ಬೋಂಡ ಮುಟ್ಟದೆ ಕಾದಿದ್ದರು. "ಏನಾಯ್ತು?"

ಕೆಲಸ ಚೆನ್ನಾಗಿಯೇ ನಡೆಯಿತು. ಮೊದಲೆರಡು ಸಲ ಅರ್ಧ ಕ್ಲಾಸು ಬೆರಳಿನಿಂದ ಚಿತ್ರ ಮುಚ್ಚಿ ಹಿಡಿದಿತ್ತು, ಆಮೇಲೆ ಕಲಿತರು. ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲೇ ಪ್ರಶ್ನೆ ಬರೆದೆ. 'ಮಳೆಗಾಲ' ಯಾವ ಸಂಧಿ? ಎ ಲೋಪ, ಬಿ ಆಗಮ, ಸಿ ಆದೇಶ, ಡಿ ಸವರ್ಣದೀರ್ಘ. ಫೋನು ಎಡದಿಂದ ಬಲಕ್ಕೆ ತಿರುಗಿಸಿದೆ. ಹೆಸರುಗಳು ಟಕಟಕ ಬಿದ್ದವು. ಮೂವತ್ತೆಂಟು ಮಕ್ಕಳಲ್ಲಿ ಮೂವತ್ತೇಳು ಬಂತು. ಒಂದು ಬರಲೇ ಇಲ್ಲ.

"ಕೊನೇ ಬೆಂಚಿನವನು. ಹತ್ತಿರ ಹೋದೆ. ಬೆರಳು ಅಡ್ಡ ಇಲ್ಲ, ಬೆಳಕು ಸರಿಯಿದೆ. ಕಾರ್ಡನ್ನ ಮಾತ್ರ ಮೂಲೆ ಮೇಲಾಗಿ, ಗಾಳಿಪಟದ ಥರ ಹಿಡಿದಿದ್ದಾನೆ. ಒಂದು ಕಡೆ ಬಿ, ಒಂದು ಕಡೆ ಸಿ. ನೆಟ್ಟಗೆ ಹಿಡಿಯೋ ಅಂದೆ. ಆಗಲ್ಲ ಸಾರ್ ಅಂದ."

"ಆಗಲ್ಲ ಅಂದ್ರೆ?"

"'ಹೊಸದಾಗಿ ಗಕಾರ ಬಂದಿದೆ, ಅಂದ್ರೆ ಆಗಮ. ಇದ್ದ ಕಕಾರ ಹೋಗಿದೆ, ಅಂದ್ರೆ ಆದೇಶ. ಎರಡೂ ಇದೆಯಲ್ಲ ಸಾರ್. ಅದಕ್ಕೇ ಮಧ್ಯ ಹಿಡಿದೆ. ಅರ್ಧ ಮಾರ್ಕು ಕೊಡಿ' ಅಂತಾನೆ."

ಪಿ.ಟಿ. ಮೇಷ್ಟ್ರಿಗೆ ನಗು ಬಂದು ಕಾಫಿ ನೆತ್ತಿಗೇರಿತು. ಗಣಿತದವರು ಅವರ ಬೆನ್ನು ತಟ್ಟುತ್ತಲೇ, "ಆ್ಯಪಲ್ಲಿ ಅರ್ಧ ಹಾಕೋಕೆ ಬರಲ್ಲವಲ್ಲ. ಏನು ಮಾಡಿದ್ರಿ?" ಎಂದರು.

"ಫೋನು ಜೇಬಿಗೆ ಹಾಕಿದೆ. ಕೆಂಪು ಪೆನ್ನು ತೆಗೆದೆ."